ಮಣ್ಣಿನ ವರದಿ ಒಂದು ಹೇಳುತ್ತದೆ, ನೆಲ ಇನ್ನೊಂದು: ಸಿಂಧನೂರಿನ ಸೈಟಿನಲ್ಲಿ ತಪ್ಪು ಹುಡುಕಿದ ಬಗೆ

ಸಮಸ್ಯೆಯನ್ನು ಮೊದಲು ಹೇಳಿಬಿಡುತ್ತೇನೆ. ಸಿಂಧನೂರಿನ ಹೊರವಲಯದಲ್ಲಿ ನಮ್ಮ ಸೋದರಮಾವ ಅರ್ಧ ಎಕರೆ ಜಾಗ ತೆಗೆದುಕೊಂಡರು. ಮುಂದೆ ಭತ್ತದ ಗೋದಾಮು, ಹಿಂದೆ ಮನೆ ಕಟ್ಟುವ ಆಸೆ. ಮಣ್ಣು ಪರೀಕ್ಷೆ ಮಾಡಿಸಿದರು. ವರದಿ ಚೆನ್ನಾಗಿಯೇ ಬಂತು. ಒಂದೂವರೆ ಮೀಟರ್ ಆಳದಲ್ಲಿ ನೆಲ ಚದರ ಮೀಟರಿಗೆ 20 ಟನ್ ಭಾರ ಹೊರುತ್ತದೆ, ಸಾಮಾನ್ಯ ಫುಟಿಂಗ್ (ಕಂಬದ ಬುಡದ ಅಗಲವಾದ ಪಾದ) ಸಾಕು ಎಂದು ಬರೆದಿದ್ದರು. ಆದರೆ ಬೇಲಿಯ ಆಚೆ ನಾಲ್ಕು ವರ್ಷದ ಹಿಂದೆ ಕಟ್ಟಿದ ಮನೆಯೊಂದಿದೆ. ಅದರ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿದಿದೆ. ಒಂದು ರೂಪಾಯಿ ನಾಣ್ಯ ಅದರೊಳಗೆ ಸಲೀಸಾಗಿ ಹೋಗುತ್ತದೆ.

"ರಿಪೋರ್ಟ್ ಚಲೋ ಐತಿ ಅಂತಾರ. ಹಂಗಾದ್ರ ಆ ಮನಿಗೆ ಏನಾಗೈತಿ ಅಳಿಯಾ?" ಎಂದು ಮಾವ ಕೇಳಿದರು.

ವರದಿ ಮತ್ತು ನೆಲ ಹೀಗೆ ಬೇರೆ ಬೇರೆ ಮಾತಾಡಿದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ? ನಾವು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿಂಧನೂರು, ಮಾನ್ವಿ, ಕಾರಟಗಿ, ಸಿರುಗುಪ್ಪ ಕಡೆಯ ಎರೆ ನೆಲದಲ್ಲಿ, ಅಂದರೆ ಕಪ್ಪು ಜೇಡಿಮಣ್ಣಿನ ನೆಲದಲ್ಲಿ, ಸೈಟು ತೆಗೆದುಕೊಳ್ಳುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಲ್ಲು ನೆಲದವರಿಗೆ ಬೇಕಾದ ಮಾತು ಕೊನೆಯ ಕಡೆಗಿದೆ.

ಬಿರುಕನ್ನು ಓದುವುದು

ವರದಿ ತೆರೆಯುವ ಮೊದಲು ಸುತ್ತಲಿನ ಕಟ್ಟಡ ನೋಡಿ. ಮನೆಯವರನ್ನು ಕೇಳಿ, ಒಳಗೆ ಹೋಗಿ ನೋಡಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಅವರಿಗೂ ಕಾರಣ ತಿಳಿಯಬೇಕಿರುತ್ತದೆ.

ಎಲ್ಲ ಬಿರುಕೂ ನೆಲದಿಂದ ಬಂದದ್ದಲ್ಲ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಕೂದಲೆಳೆ ಗೆರೆಗಳಿದ್ದರೆ ನೀರುಣಿಸಿದ್ದು ಕಡಿಮೆ ಆಗಿರುತ್ತದೆ. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆಗೂ ನಡುವೆ ನೆಟ್ಟಗೆ ನಿಂತ ಗೆರೆ ಎರಡು ವಸ್ತು ಕೂಡುವ ಜಾಗದ್ದು. ಸ್ಲ್ಯಾಬಿನ ಕೆಳಗೆ ಅಡ್ಡಲಾಗಿ ಓಡುವ ಬಿರುಕು ನಮ್ಮ ಬಿಸಿಲಿನದ್ದು. ತಾರಸಿ ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಆಡುವುದಿಲ್ಲ. ಕಂದು ಕಲೆಯ ಜೊತೆ ಕಂಬದ ಉದ್ದಕ್ಕೂ ಬಿರುಕು ಬಂದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ.

ನೆಲದಿಂದ ಬಂದ ಬಿರುಕು ಓರೆಯಾಗಿ ಹೋಗುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಹೊರಡುತ್ತದೆ. ಗೋಡೆಯ ಒಳಗೂ ಹೊರಗೂ ಕಾಣುತ್ತದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ. ಮೇಲ್ತುದಿ ಅಗಲವಿದ್ದರೆ ಮನೆಯ ಅಂಚು ಇಳಿದಿದೆ, ಇಲ್ಲವೇ ನಡುಭಾಗ ಎದ್ದಿದೆ. ಕೆಳತುದಿ ಅಗಲವಿದ್ದರೆ ಅಂಚು ಎದ್ದಿದೆ, ಇಲ್ಲವೇ ನಡುಭಾಗ ಕುಸಿದಿದೆ. ಇದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೇ ಗುರುತು ಮಾಡಿಕೊಳ್ಳಿ. ಬಾಯಲ್ಲಿ ನೆನಪಿಟ್ಟುಕೊಂಡರೆ ಮನೆಗೆ ಬರುವಷ್ಟರಲ್ಲಿ ತಿರುಗುಮುರುಗು ಆಗುತ್ತದೆ.

ಇದಾದ ಮೇಲೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ಇದು ಯಾವ ತಿಂಗಳಲ್ಲಿ ದೊಡ್ಡದಾಗುತ್ತದೆ?" ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಂಡರೆ, ಅಥವಾ ಅದರ ಉಲ್ಟಾ ಆದರೆ, ಕೆಳಗಿನ ಮಣ್ಣು ಉಬ್ಬಿ ಕುಗ್ಗುತ್ತಿದೆ. ವರ್ಷವಿಡೀ ಒಂದೇ ಕಡೆಗೆ ಬೆಳೆಯುತ್ತಾ ಹೋದರೆ ಹಾಕಿದ ಮಣ್ಣು ಕೂರುತ್ತಿದೆ. ಎರಡಕ್ಕೂ ಮದ್ದು ಬೇರೆ. ಬಾಗಿಲು ಬಿಗಿಯಾಗುವುದನ್ನು ಮಾತ್ರ ನಂಬಬೇಡಿ. ಮರದ ಬಾಗಿಲು ಮಳೆಗಾಲದಲ್ಲಿ ಹೇಗೂ ಉಬ್ಬುತ್ತದೆ. ಕಬ್ಬಿಣದ ಕಿಟಕಿ ಸರಿಯಾಗಿ ಮುಚ್ಚದಿದ್ದರೆ ಅದು ನಿಜವಾದ ಸುಳಿವು.

ಪಕ್ಕದ ಮನೆಯವರು ಸ್ಪಷ್ಟವಾಗಿ ಹೇಳಿದರು: ಶಿವರಾತ್ರಿ ಆದಮೇಲೆ ದೊಡ್ಡದಾಗುತ್ತದೆ, ದಸರಾ ಹೊತ್ತಿಗೆ ಕಿರಿದಾಗುತ್ತದೆ. ನಾವು ಅವರ ಗೋಡೆಯಲ್ಲಿ ಬಿರುಕಿನ ಎರಡೂ ಕಡೆ ಒಂದೊಂದು ಸಣ್ಣ ಮೊಳೆ ಹೊಡೆದು, ನಡುವಿನ ದೂರ ಅಳೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ದಿನಾಂಕ ಬರೆದೆವು. ತಿಂಗಳಿಗೊಮ್ಮೆ ಅಳೆದರೆ ಸಾಕು.

ವರದಿಯನ್ನು ಓದುವುದು

ಈಗ ವರದಿ. ಎಲ್ಲರೂ ಕೊನೆಯ ಪುಟ ತೆರೆದು ಟನ್ ಎಷ್ಟು ಎಂದು ನೋಡುತ್ತಾರೆ. ದಯವಿಟ್ಟು ಮೊದಲ ಪುಟದ ದಿನಾಂಕ ನೋಡಿ. ಮಾವನ ವರದಿಯಲ್ಲಿ ಕೊರೆದ ದಿನ ಮೇ ತಿಂಗಳ ಎರಡನೇ ವಾರ ಎಂದಿತ್ತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಕಾರಣ ಹೇಳುತ್ತೇನೆ. ನೆಲದ ಬಿಗಿ ಅಳೆಯಲು ಕೊಳವೆಯ ಮೇಲೆ 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 45 ಸೆಂಟಿಮೀಟರ್ ಇಳಿಯಬೇಕು. ಮೊದಲ 15 ಬಿಟ್ಟು, ಉಳಿದ 30 ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅದೇ ಎನ್ ವ್ಯಾಲ್ಯೂ. ಈಗ ಯೋಚಿಸಿ. ಮೇ ತಿಂಗಳ ಎರೆಮಣ್ಣಿಗೆ ಗುದ್ದಲಿ ಹಾಕಿದರೆ ಟಣ್ ಎನ್ನುತ್ತದೆ, ಅಲ್ವಾ? ಸುತ್ತಿಗೆಗೂ ಅದೇ ಅನುಭವ. ಪೆಟ್ಟು ಜಾಸ್ತಿ ಬೇಕಾಗುತ್ತದೆ, ಸಂಖ್ಯೆ ದೊಡ್ಡದು ಬರುತ್ತದೆ. ಅದೇ ಮಣ್ಣು ಅಕ್ಟೋಬರಿನಲ್ಲಿ ಚಪ್ಪಲಿಗೆ ಅಂಟಿ ಕಾಲು ಎತ್ತಲು ಬಿಡುವುದಿಲ್ಲ. ಮಾವನ ವರದಿಯಲ್ಲಿ ಒಂದೂವರೆ ಮೀಟರಿನಲ್ಲಿ 28 ಪೆಟ್ಟು ಎಂದಿತ್ತು. ನವೆಂಬರಿನಲ್ಲಿ ಮೂರು ಮೀಟರ್ ಪಕ್ಕದಲ್ಲೇ ಮತ್ತೆ ಕೊರೆಸಿದೆವು. 9 ಬಂತು. ಮೇ ತಿಂಗಳಲ್ಲಿ ಅಳೆದವರು ಮೋಸ ಮಾಡಿರಲಿಲ್ಲ. ಆ ದಿನದ ನೆಲವನ್ನು ಆ ದಿನ ಅಳೆದಿದ್ದರು. ನಾವು ಅದನ್ನು ಹನ್ನೆರಡು ತಿಂಗಳ ನೆಲ ಎಂದು ಓದಿಕೊಂಡೆವು.

ಮುಂದೆ ಜಾಗ ನೋಡಿ. ಎಷ್ಟು ಕಡೆ ಕೊರೆದಿದ್ದಾರೆ? ಸುಮಾರು ಒಂದು ಎಕರೆ, ಅಂದರೆ 0.4 ಹೆಕ್ಟೇರ್ ಜಾಗಕ್ಕೆ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು ಬೋರ್ ಅಥವಾ ಗುಂಡಿ ಇರಬೇಕು ಎಂದು ಐಎಸ್ 1892 ಎಂಬ ಭಾರತೀಯ ಮಾನಕ ಹೇಳುತ್ತದೆ. ಸಣ್ಣ ಮನೆಗೆ ನಡುವೆ ಒಂದು ಸಾಕು. ಮಾವನದು ಗೋದಾಮು ಮತ್ತು ಮನೆ, ಎರಡು ಬೇರೆ ಕಟ್ಟಡ. ಕೊರೆದದ್ದು ಒಂದೇ ಕಡೆ, ಅದೂ ಲಾರಿ ನಿಲ್ಲಿಸಲು ಅನುಕೂಲವಿದ್ದ ರಸ್ತೆ ಬದಿಯಲ್ಲಿ.

ಕೊನೆಯದಾಗಿ, ಯಾವ ಪರೀಕ್ಷೆ ಮಾಡಿಲ್ಲ ಎಂದು ನೋಡಿ. ಎರೆ ನೆಲದ ವರದಿಯಲ್ಲಿ ಉಬ್ಬುವಿಕೆಯ ಪರೀಕ್ಷೆ ಇಲ್ಲದಿದ್ದರೆ ಆ ವರದಿ ಅರ್ಧ. ಫ್ರೀ ಸ್ವೆಲ್ ಇಂಡೆಕ್ಸ್ ಎನ್ನುವ ಈ ಪರೀಕ್ಷೆ ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಆದರೂ ಬಿಟ್ಟುಬಿಡುತ್ತಾರೆ. ಇದು ನನಗೆ ಯಾವಾಗಲೂ ಬೇಸರ ತರುವ ವಿಷಯ. ನೆಲ ಎಷ್ಟು ಭಾರ ಹೊರುತ್ತದೆ ಎನ್ನುವುದು ಒಂದು ಪ್ರಶ್ನೆ. ಅದು ಎಷ್ಟು ಅಲ್ಲಾಡುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಕಡೆ ಒಂದಂತಸ್ತಿನ ಮನೆಗಳು ಭಾರಕ್ಕೆ ಕುಸಿಯುವುದು ಅಪರೂಪ. ಹಗುರವಾಗಿರುವುದರಿಂದಲೇ ಎರೆ ಅವುಗಳನ್ನು ಸುಲಭವಾಗಿ ಎತ್ತಿಬಿಡುತ್ತದೆ.

ಸೀಮೆಎಣ್ಣೆ ಮತ್ತು ನೀರು

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದು ತೆಳು ಹಾಳೆಗಳ ಕಟ್ಟಿನಂತೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಕಟ್ಟು ಉಬ್ಬುತ್ತದೆ, ಹೊರಗೆ ಹೋದರೆ ಕುಗ್ಗುತ್ತದೆ. ಹಿಂಗಾರಿ ಜೋಳ ಮಳೆ ಇಲ್ಲದೆಯೂ ಬೆಳೆಯುವುದು ಈ ಮಣ್ಣು ಹಿಡಿದಿಟ್ಟ ನೀರಿನಿಂದಲೇ. ಗೋಡೆಯನ್ನು ಎತ್ತುವುದೂ ಇದೇ ನೀರು.

ಪ್ರಯೋಗಾಲಯದಲ್ಲಿ 425 ಮೈಕ್ರಾನ್ ಜರಡಿ ಹಿಡಿದ, ಒಲೆಯಲ್ಲಿ ಒಣಗಿಸಿದ ಮಣ್ಣನ್ನು ಎರಡು ಅಳತೆ ಜಾರ್‌ಗಳಿಗೆ ತಲಾ 10 ಗ್ರಾಂ ಹಾಕುತ್ತಾರೆ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಗೆ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ಎರಡರಲ್ಲೂ ಮಣ್ಣು ಎಷ್ಟು ಎತ್ತರ ನಿಂತಿದೆ ಎಂದು ನೋಡುತ್ತಾರೆ. ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್, ನೀರಿನಲ್ಲಿ 21 ಇದ್ದರೆ ಉಬ್ಬುವಿಕೆ ಶೇಕಡಾ 110. ಐಎಸ್ 1498 ಪ್ರಕಾರ 50ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. 50ರಿಂದ 100 ಮಧ್ಯಮ, 100ರಿಂದ 200 ಜಾಸ್ತಿ, ಅದರ ಮೇಲೆ ಇದ್ದರೆ ತುಂಬಾ ಜಾಸ್ತಿ. ಮಾವನ ಸೈಟಿನ ಮಣ್ಣು 110ರ ಆಸುಪಾಸಿನಲ್ಲೇ ನಿಂತಿತು.

ಮನೆಯಲ್ಲೂ ಇದನ್ನು ಅಂದಾಜಿಗೆ ಮಾಡಬಹುದು. ಮಣ್ಣನ್ನು ಚೆನ್ನಾಗಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ. ಒಂದೇ ಅಳತೆಯ ಎರಡು ಗಾಜಿನ ಲೋಟ ಸಾಕು. ಇದರ ಮೇಲೆ ಬುನಾದಿ ನಿರ್ಧಾರ ಮಾಡಬೇಡಿ. ಆದರೆ ಪ್ರಯೋಗಾಲಯದವರಿಗೆ "ಈ ಪರೀಕ್ಷೆಯನ್ನೂ ಮಾಡಿಕೊಡಿ" ಎಂದು ಕೇಳುವ ಧೈರ್ಯ ಇದರಿಂದ ಬರುತ್ತದೆ.

ಗುಂಡಿ ತೋಡಿ ನೋಡುವುದು

ಇಷ್ಟೆಲ್ಲ ಆದರೂ ಗುಂಡಿಗೆ ಸಮ ಯಾವುದೂ ಇಲ್ಲ. ಜೆಸಿಬಿ ತರಿಸಿ ಮೂರು ಮೀಟರ್ ತೋಡಿಸಿ. ಒಂದು ಎಚ್ಚರ: ಎದೆಮಟ್ಟ ದಾಟಿದ ಗುಂಡಿಗೆ ಆಸರೆ ಇಲ್ಲದೆ ಯಾರೂ ಇಳಿಯಬಾರದು. ಎರೆಮಣ್ಣಿನ ಗೋಡೆ ಗಟ್ಟಿಯಾಗಿ ನಿಂತಂತೆ ಕಂಡು, ಬಿರುಕಿದ್ದ ಕಡೆಯಿಂದ ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ. ಮೇಲೆ ನಿಂತು ನೋಡಿ. ಬಕೆಟ್‌ನಲ್ಲಿ ಬಂದ ಮಣ್ಣನ್ನು ಆಳದ ಪ್ರಕಾರ ಬೇರೆ ಬೇರೆ ಗುಡ್ಡೆ ಹಾಕಿಸಿ.

ಬೇಸಿಗೆಯಲ್ಲಿ ತೋಡಿದರೆ ಬಿರುಕು ಎಷ್ಟು ಆಳಕ್ಕೆ ಇಳಿದಿದೆ ಎಂದು ಕಾಣುತ್ತದೆ. ಗುಂಡಿ ತೋಡುವ ಮೊದಲೇ ನೆಲದ ಬಿರುಕಿಗೆ ಉದ್ದನೆ ಕಟ್ಟುವ ತಂತಿ ಇಳಿಬಿಟ್ಟು ಅಳೆಯಬಹುದು. ಬಿರುಕು ನಿಲ್ಲುವ ಆಳದ ಕೆಳಗೆ ಮಣ್ಣು ಅಷ್ಟಾಗಿ ಆಡುವುದಿಲ್ಲ. ಬುನಾದಿ ಅದಕ್ಕಿಂತ ಕೆಳಗೆ ಹೋಗಬೇಕು. ಇನ್ನೊಂದು ಗುರುತು ಹೆಂಟೆಯಲ್ಲಿದೆ. ಒಡೆದು ನೋಡಿ. ಓರೆಯಾದ ಮುಖಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದರೆ, ಮಣ್ಣು ವರ್ಷ ವರ್ಷ ಉಬ್ಬಿ ಒಂದರ ಮೇಲೊಂದು ಉಜ್ಜಿಕೊಂಡಿದೆ. ಅಂಥ ಹೊಳಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ಅನುಮಾನ ಇಟ್ಟುಕೊಳ್ಳಿ.

ನಮ್ಮ ಗುಂಡಿಯಲ್ಲಿ ಎರಡೂ ಕಾಲು ಮೀಟರ್ ಕಪ್ಪು ಎರೆ. ಆಮೇಲೆ ಹಳದಿ ಕಲೆತ ಮಣ್ಣು, ಅದರಲ್ಲಿ ಸುಣ್ಣದ ಗಂಟುಗಳು. ನಿಂಬೆಹಣ್ಣು ಹಿಂಡಿದರೆ ಗಂಟು ಸಣ್ಣಗೆ ನೊರೆ ಬಿಡುತ್ತದೆ, ಅದರಿಂದ ಸುಣ್ಣ ಎಂದು ತಿಳಿಯಬಹುದು. ಮೂರು ಮೀಟರಿಗೆ ಗರಸು ಸಿಕ್ಕಿತು. ಕೊಳೆತ ಕಲ್ಲಿನ ಗರಸು, ಹಾರೆಗೆ ಕರಕರ ಎನ್ನುತ್ತದೆ, ನೀರು ಹಾಕಿದರೆ ಉಬ್ಬುವುದಿಲ್ಲ. ಇಲ್ಲಿ ಒಂದು ತಪ್ಪು ನಂಬಿಕೆ ಇದೆ. ಎರೆ ಅಂದರೆ ಬೆಳಗಾವಿ, ವಿಜಯಪುರದ ಕಡೆಯಂತೆ ಕೆಳಗೆ ಕಪ್ಪು ಬಸಾಲ್ಟ್ ಇರುತ್ತದೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಸಿಂಧನೂರು, ಸಿರುಗುಪ್ಪ ಕಡೆ ಎರೆಯ ಕೆಳಗೆ ಹೆಚ್ಚಾಗಿ ಇರುವುದು ನೈಸ್ ಮತ್ತು ಗ್ರಾನೈಟ್.

ಒಂದೇ ಸಲ ನೋಡುವ ಅವಕಾಶ ಇದ್ದರೆ ಮಳೆಗಾಲ ಮುಗಿದ ಮೇಲೆ, ಕಾಲುವೆಯಲ್ಲಿ ನೀರು ಇರುವಾಗ ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದ ಮೇಲೆ ಎಡದಂಡೆ ಕಾಲುವೆಯ ಕೆಳಗಿನ ನೆಲದ ನೀರಿನ ಲೆಕ್ಕವೇ ಬದಲಾಗಿದೆ. ಅಜ್ಜನ ಕಾಲದಲ್ಲಿ ಒಣ ಎರೆಹೊಲ ಆಗಿದ್ದದ್ದು ಈಗ ಭತ್ತದ ಗದ್ದೆಗಳ ನಡುವೆ ಇರುತ್ತದೆ. ಪಕ್ಕದ ಗದ್ದೆಗೆ ನೀರು ನಿಲ್ಲಿಸಿದಾಗ ನಿಮ್ಮ ಗುಂಡಿಯಲ್ಲಿ ನೀರು ಜಿನುಗುತ್ತದೆಯೇ ನೋಡಿ. ಜಿನುಗಿದರೆ ಒಂದು ಬಾಟಲಿ ತುಂಬಿಸಿ ಲ್ಯಾಬಿಗೆ ಕೊಡಿ, ಸಲ್ಫೇಟ್ ಮತ್ತು ಕ್ಲೋರೈಡ್ ನೋಡಲಿ. ಗಂಗಾವತಿ, ಸಿಂಧನೂರು ಕಡೆ ಸವಳು ಹತ್ತಿದ ಭೂಮಿ ಸಾಕಷ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆಯೇ ಕೆಲಸ ನಡೆಯುತ್ತದೆ. ಬೆಳೆಗೆ ಕೆಟ್ಟದ್ದಾದ ಉಪ್ಪು ಕಾಂಕ್ರೀಟಿಗೂ ಕಬ್ಬಿಣಕ್ಕೂ ಕೆಟ್ಟದ್ದೇ. ಸಲ್ಫೇಟ್ ಜಾಸ್ತಿ ಇದ್ದರೆ ಸ್ಲ್ಯಾಗ್ ಸಿಮೆಂಟಿನಂಥದ್ದು ಬೇಕಾಗುತ್ತದೆ.

ಹಳೆಯ ಬಾವಿ

ವರದಿಯಲ್ಲೂ ಇರದ, ಗುಂಡಿಯಲ್ಲೂ ಕಾಣದ ಒಂದು ಸಂಗತಿ ನಮಗೆ ಸಿಕ್ಕಿದ್ದು ಹಿಂದೆ ಆ ಹೊಲ ಮಾಡುತ್ತಿದ್ದ ಅಜ್ಜನಿಂದ. ಜೆಸಿಬಿ ಶಬ್ದ ಕೇಳಿ ನೋಡಲು ಬಂದಿದ್ದರು. ವಾಯವ್ಯ ಮೂಲೆ ತೋರಿಸಿ, "ಇಲ್ಲೊಂದು ಬಾವಿ ಇತ್ತಪ್ಪಾ. ನಮ್ಮ ಎತ್ತು ಇಲ್ಲೇ ನೀರು ಕುಡೀತಿದ್ವು" ಎಂದರು. ಲೇಔಟ್ ಮಾಡುವಾಗ ಅದನ್ನು ಮುಚ್ಚಿದ್ದರು. ಅಲ್ಲಿ ಕೆದಕಿಸಿದರೆ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಸಡಿಲ ಮಣ್ಣು ಬಂತು. ಗೋದಾಮಿನ ಒಂದು ಮೂಲೆ ಸರಿಯಾಗಿ ಅದರ ಮೇಲೆ ಬರುತ್ತಿತ್ತು.

ಹಾಗಾಗಿ ಹಳಬರನ್ನು ಕೇಳದೆ ಸೈಟಿನ ಪರೀಕ್ಷೆ ಮುಗಿಸಬೇಡಿ. ಕಾಗದವನ್ನೂ ನೋಡಿ. ಪಹಣಿಯಲ್ಲಿ ಮಣ್ಣಿನ ನಮೂನೆಗೆ ಒಂದು ಕಲಂ ಇದೆ, ಯಾರೂ ಅದರ ಕಡೆ ಕಣ್ಣು ಹಾಯಿಸುವುದಿಲ್ಲ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ನೋಡಿ. 'ಬ' ಖರಾಬು ಎಂದಿದ್ದರೆ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ ಆ ಸರ್ವೆ ನಂಬರಿನಲ್ಲಿದೆ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸೈಟಿನ ಮೇಲೆ ನಿಂತು ಹಳೆಯ ಗ್ರಾಮ ನಕ್ಷೆಯ ಗಡಿಗಳನ್ನು ನೋಡಬಹುದು. ಮುಚ್ಚಿದ ಹಳ್ಳದ ಮೇಲೆ ಕಟ್ಟಿದರೆ ಕಾನೂನಿನ ತೊಂದರೆ ಒಂದು ಕಡೆ, ಮಳೆ ಬಂದಾಗ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬರುವುದು ಇನ್ನೊಂದು ಕಡೆ.

ಕಲ್ಲು ನೆಲದಲ್ಲಿ ಬೇರೆ ತಪ್ಪು

ಕೊಪ್ಪಳ, ಗಂಗಾವತಿ, ಬಳ್ಳಾರಿ ಊರಿನ ಸುತ್ತ ಗುಡ್ಡಗಳನ್ನು ನೋಡಿದ್ದೀರಲ್ಲ, ದುಂಡು ಕಲ್ಲುಗಳನ್ನು ಪೇರಿಸಿಟ್ಟಂತೆ. ಗ್ರಾನೈಟ್ ಬಿರುಕಿನ ಗುಂಟ ಕೊಳೆಯುತ್ತಾ ಹೋಗುತ್ತದೆ, ನಡುವಿನ ಗಟ್ಟಿ ಭಾಗ ದುಂಡಗೆ ಉಳಿಯುತ್ತದೆ. ಗುಡ್ಡದ ಮೇಲೆ ಮಳೆಗೆ ಮಣ್ಣು ತೊಳೆದು ಹೋಗಿ ಅವು ಕಾಣುತ್ತವೆ. ಕೆಳಗಿನ ಬಯಲಿನಲ್ಲಿ ಅಂಥವೇ ಕಲ್ಲುಗುಂಡುಗಳು ಗರಸಿನೊಳಗೆ ಹೂತಿರುತ್ತವೆ. ಬೋರ್ ಎರಡು ಮೀಟರಿಗೆ ಕಲ್ಲಿಗೆ ಬಡಿದರೆ "ಬಂಡೆ ಸಿಕ್ಕಿತು" ಎಂದು ಬರೆದು ಎದ್ದುಬಿಡುತ್ತಾರೆ. ಅದು ನೆಲದ ಬಂಡೆಯೋ, ಲಾರಿಯಷ್ಟು ದೊಡ್ಡ ಬಿಡಿಗಲ್ಲೋ? ಕಂಬದ ಅರ್ಧ ಕಲ್ಲಿನ ಮೇಲೆ, ಅರ್ಧ ಮೆತ್ತನೆ ಗರಸಿನ ಮೇಲೆ ಕೂತರೆ ಕಟ್ಟಡ ಓರೆಯಾಗುತ್ತದೆ. ಪರಿಹಾರ ಸರಳ. ಡೈಮಂಡ್ ಬಿಟ್ ಹಾಕಿ ಮೂರು ಮೀಟರ್ ಕಲ್ಲಿನೊಳಗೆ ಕೊರೆದು ಕೋರ್ (ಕೋಲಿನಂತೆ ಬರುವ ಕಲ್ಲಿನ ತುಂಡು) ತೆಗೆಸಿ. ನಡುವೆ ಮಣ್ಣು ಬಂದರೆ ಅದು ಬಿಡಿಗಲ್ಲು. ಎರಡು ಮೂರು ಕಡೆ ಕೊರೆದು ಕಲ್ಲಿನ ಆಳ ಹೋಲಿಸಿ. ಒಂದು ಕಡೆ ಎರಡು ಮೀಟರ್, ಐದು ಹೆಜ್ಜೆ ಆಚೆ ಒಂಬತ್ತು ಮೀಟರ್ ಬಂದರೆ ಅನುಮಾನ ಗಟ್ಟಿ ಮಾಡಿಕೊಳ್ಳಿ.

ಸಂಡೂರು, ಹಟ್ಟಿ, ಮಸ್ಕಿ ಕಡೆ ಕಲ್ಲು ಪದರ ಪದರವಾಗಿರುತ್ತದೆ. ಅಲ್ಲಿ ಗುಡ್ಡ ಕಡಿದು ಸೈಟು ಮಾಡುವಾಗ ಪದರಗಳು ಯಾವ ಕಡೆ ಇಳಿದಿವೆ ಎಂದು ನೋಡಿ. ಕಡಿದ ಕಡೆಗೇ ಇಳಿದಿದ್ದರೆ ಮಳೆಗಾಲದಲ್ಲಿ ಜಾರಬಹುದು. ಗಣಿಯ ತ್ಯಾಜ್ಯ ಮಣ್ಣು ತುಂಬಿದ ಜಾಗವನ್ನು ಗಟ್ಟಿ ನೆಲ ಎಂದು ಒಪ್ಪಲೇಬೇಡಿ.

ಸೈಟಿಗೆ ಕೊನೆಗೆ ಏನು ಮಾಡಿದೆವು

ಗೌಂಡಿ ಮೊದಲು ಹೇಳಿದ್ದು, ಬುನಾದಿ ಗುಂಡಿಗೆ ಎರಡು ಅಡಿ ಮರಳು ಹಾಕೋಣ ಎಂದು. ನಮ್ಮ ಕಡೆ ಇದು ತುಂಬಾ ನಡೆಯುತ್ತದೆ. ನಾನು ಬೇಡ ಎಂದೆ. ಎರೆಯ ಗುಂಡಿಗೆ ಸುಮ್ನೆ ಮರಳು ಹಾಕಿದರೆ ಸುತ್ತಲಿನ ನೀರು ಅದರೊಳಗೆ ಬಂದು ನಿಲ್ಲುತ್ತದೆ. ಕೆಳಗಿನ ಎರೆ ಆ ನೀರು ಕುಡಿದು ಇನ್ನಷ್ಟು ಉಬ್ಬುತ್ತದೆ. ಅದರ ಬದಲು ಉಬ್ಬದ, ಆದರೆ ಸ್ವಲ್ಪ ಅಂಟಿರುವ ಗರಸು ಮಣ್ಣನ್ನು ತೇವ ನೋಡಿ ಪದರ ಪದರವಾಗಿ ದಮ್ಮಸು ಮಾಡಬೇಕು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಈ ವಿಧಾನದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಎರೆ ನೆಲದ ಕಾಲುವೆಗಳಲ್ಲಿ ಇದನ್ನು ಬಳಸಿದ್ದಾರೆ. ಗೋದಾಮಿನ ನೆಲಕ್ಕೆ ನಾವು ಒಂದು ಮೀಟರ್ ಎರೆ ತೆಗೆಸಿ, 20 ಸೆಂಟಿಮೀಟರಿಗೊಂದು ಪದರದಂತೆ ಗರಸು ತುಂಬಿಸಿದೆವು.

ಕಂಬಗಳನ್ನು ಮೂರು ಮೀಟರ್ ಕೆಳಗಿನ ಗರಸಿನ ಮೇಲೆ ಕೂರಿಸಿದೆವು. ಗರಸು ಇನ್ನೂ ಆಳಕ್ಕಿದ್ದಿದ್ದರೆ ಅಂಡರ್‌ರೀಮ್ಡ್ ಪೈಲ್ ಎನ್ನುವ, ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ ಹಾಕಿಸುತ್ತಿದ್ದೆ. ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಆ ಪೈಲುಗಳನ್ನು ಮೇಲಿನ ಎರೆ ಎಳೆದು ಎತ್ತಲು ಆಗುವುದಿಲ್ಲ. ಕಂಬಗಳನ್ನು ಜೋಡಿಸಿ ಗೋಡೆ ಹೊರುವ ಪ್ಲಿಂತ್ ಬೀಮನ್ನು ನೆಲಕ್ಕೆ ತಾಗಿಸಲಿಲ್ಲ, ಕೆಳಗೆ ಮೂರು ಇಂಚಿಗಿಂತ ಜಾಸ್ತಿ ಖಾಲಿ ಬಿಟ್ಟೆವು. ಮಣ್ಣು ಉಬ್ಬಿದರೆ ಉಬ್ಬಲಿ, ಬೀಮು ತಳ್ಳಬಾರದು. ಗೋದಾಮನ್ನು ಬಾವಿಯಿಂದ ಐದು ಮೀಟರ್ ಈಚೆ ಸರಿಸಿದೆವು. ಮಾವನಿಗೆ ಜಾಗ ಹೋಯಿತು ಎಂಬ ಬೇಸರ ಇತ್ತು. ಬಾವಿಯ ಮಣ್ಣು ತೋರಿಸಿದ ಮೇಲೆ ಏನೂ ಹೇಳಲಿಲ್ಲ.

ಪಕ್ಕದ ಮನೆಯವರಿಗೂ ಕೆಲವು ಮಾತು ಹೇಳಿದೆವು. ಬಚ್ಚಲ ನೀರು ಗೋಡೆಯ ಬುಡಕ್ಕೇ ಇಂಗುತ್ತಿತ್ತು, ಅದನ್ನು ಪೈಪಿನಲ್ಲಿ ಚರಂಡಿಗೆ ಬಿಟ್ಟರು. ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಹೊರಗಡೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಹಾಕಿಸಿದರು. ಗೋಡೆಗೆ ಹತ್ತಿದಂತಿದ್ದ ಬೇವಿನ ಗಿಡವನ್ನು ಕಡಿಯುವ ಆತುರ ಬೇಡ ಎಂದೆ. ಬೇಸಿಗೆಯಲ್ಲಿ ಗಿಡ ನೀರು ಹೀರುವುದು ನಿಜ. ಆದರೆ ದೊಡ್ಡ ಗಿಡವನ್ನು ಒಮ್ಮೆಲೇ ತೆಗೆದರೆ ಒಣಗಿದ್ದ ಮಣ್ಣು ಮತ್ತೆ ನೀರು ಕುಡಿದು ಮೇಲೆ ಏಳುತ್ತದೆ. ಮೊದಲು ಕೊಂಬೆ ಸವರಿಸಿ ನೋಡಲಿ. ಬಿರುಕಿಗೆ ಸಿಮೆಂಟು ತುಂಬುವುದನ್ನೂ ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಮೊಳೆಗಳ ನಡುವಿನ ದೂರ ಅಕ್ಟೋಬರಿನಲ್ಲಿ 52 ಮಿಲಿಮೀಟರ್ ಇತ್ತು, ಮಾರ್ಚಿನಲ್ಲಿ 54. ಮುಂದಿನ ಅಳತೆ ಮೇ ಕೊನೆಗೆ, ಮಳೆ ಬೀಳುವ ಮೊದಲು.